ಒಂದು ಇಳಕಲ್ ಸೀರೆ, ಎರಡು ಮಾನಿಟರ್, ಮೂರು ಕುಂಕುಮ

ಅತ್ತಿಗೆ ಹುಬ್ಬಳ್ಳಿಯ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ. ಫೋಟೊ ತೆಗೆಯುವುದು, ಜಿಂಪ್ ಅನ್ನುವ ಫೋಟೊ ತಿದ್ದುವ ಪ್ರೋಗ್ರಾಮ್‌ನಲ್ಲಿ ಬಣ್ಣ ಸರಿ ಮಾಡುವುದು, ವಾಟ್ಸಾಪ್‌ಗೆ ಹಾಕಲು ಸಣ್ಣದು ಮಾಡಿ ಕೊಡುವುದು ನನ್ನ ಪಾಲಿನ ಕೆಲಸ. ಸಂಬಳ ಇಲ್ಲ, ಊಟ ಇದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಸೀರೆ ವಾಪಸ್ ಬಂತು. ಗಿರಿ ಕುಂಕುಮ ಬಣ್ಣದ ಮೈ, ಟೋಪ ತೆನಿ ಸೆರಗು. ಜೊತೆಗೆ ಒಂದು ಚೀಟಿ: ಫೋಟೊದಲ್ಲಿ ಇದ್ದ ಬಣ್ಣ ಇದಲ್ಲ. ಅತ್ತಿಗೆ ಸೀರೆ ಹಿಡಿದುಕೊಂಡು ನೇರ ನನ್ನ ಮೇಜಿನ ಹತ್ತಿರ ಬಂದರು. ನಾನು ಫೈಲ್ ತೆರೆದು ಎಡಗಡೆ ಮಾನಿಟರ್‌ನಲ್ಲಿ ತೋರಿಸಿದೆ. ಆಮೇಲೆ ಬಲಗಡೆಯದಕ್ಕೆ ಎಳೆದೆ.

"ಏನಪಾ ಇದು? ಈ ಕಡೆ ಹತ್ತು ಸಲ ಒಗದ ಸೀರಿ ಕಂಡಂಗ ಕಾಣತೈತಿ. ಆ ಕಡೆ ಹೋಳಿ ಬಣ್ಣ. ನಮ್ಮ ಸೀರಿ ಎಲ್ಲೈತಿ?"

ಮೂರನೇ ಕುಂಕುಮ ಅವರ ಕೈಯಲ್ಲಿತ್ತು.

ಎರಡು ಮಾನಿಟರ್ ಬಣ್ಣ ಹೊಂದುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಸೀರೆ ಹೇಗೆ ವಾಪಸ್ ಬಂತು ಅಂತ ಅವತ್ತೇ ಅರ್ಥವಾದದ್ದು. ಬಲಗಡೆ ಕೆಂಪು ವಿಪರೀತ ಕಾಣುತ್ತಿತ್ತು ಅಂತ ನಾನು ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಇಳಿಸಿದ್ದೆ. ಅದು ಗ್ರಾಹಕರ ಫೋನಿನಲ್ಲಿ ಇಟ್ಟಿಗೆ ಬಣ್ಣ ಆಗಿತ್ತು. ಅವರು ಇಟ್ಟಿಗೆ ಬಣ್ಣ ಇಷ್ಟಪಟ್ಟು ದುಡ್ಡು ಕೊಟ್ಟರು, ಮನೆಗೆ ಕುಂಕುಮ ಬಂತು. ಅವರ ತಪ್ಪೇನೂ ಇಲ್ಲ.

ನನ್ನ ಸಾಮಾನು ಇಷ್ಟು. ಎಡಗಡೆ ಎಂಟು ವರ್ಷ ಹಳೆಯ 24 ಇಂಚಿನ ಆಫೀಸ್ ಮಾನಿಟರ್, ಐಪಿಎಸ್ ಪ್ಯಾನೆಲ್, ಎಚ್‌ಡಿಎಂಐ ಕೇಬಲ್. ಬಲಗಡೆ ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಂದ 27 ಇಂಚಿನದು. ವೈಡ್ ಗ್ಯಾಮಟ್, ಅಂದರೆ ಸಾಮಾನ್ಯ ಮಾನಿಟರ್‌ಗಿಂತ ಗಾಢ ಬಣ್ಣ ತೋರಿಸಬಲ್ಲದು. ಅದಕ್ಕೆ ಡಿಸ್‌ಪ್ಲೇಪೋರ್ಟ್ ಕೇಬಲ್. ಕಂಪ್ಯೂಟರ್‌ನಲ್ಲಿ ವಿಂಡೋಸ್, ಜಿಂಪ್ 2.10.

ಮೊದಲ ಭಾನುವಾರ ಪೂರ್ತಿ ವ್ಯರ್ಥ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸೀರೆಯ ಫೋಟೊವನ್ನು ಎರಡೂ ಕಡೆ ಇಟ್ಟುಕೊಂಡು ಮಾನಿಟರ್‌ನ ಬಟನ್ ಒತ್ತಿ ಕೆಂಪು, ಹಸಿರು, ನೀಲಿ ಏರಿಸಿ ಇಳಿಸಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಕುಂಕುಮ ಸುಮಾರಾಗಿ ಹೊಂದಿತು. ಖುಷಿಯಿಂದ ಇನ್ನೊಂದು ಫೋಟೊ ತೆರೆದರೆ ಹಸಿರು ದಡಿ ಒಂದು ಕಡೆ ಗಿಳಿ ಹಸಿರು, ಇನ್ನೊಂದು ಕಡೆ ಪಾಚಿ. ಬಿಳಿ ಗೋಡೆ ಗುಲಾಬಿ. ಒಂದು ಬಣ್ಣ ಹೊಂದಿಸಿದರೆ ಉಳಿದವು ಕೈತಪ್ಪಿ ಹೋಗುತ್ತವೆ. ಸಂಜೆ ಎರಡನ್ನೂ ಫ್ಯಾಕ್ಟರಿ ರೀಸೆಟ್ ಮಾಡಿ ಎದ್ದೆ.

ರಾತ್ರಿ ಸ್ಟುಡಿಯೊ ಇಟ್ಟುಕೊಂಡಿರುವ ಗೆಳೆಯನಿಗೆ ಎರಡೂ ಪರದೆಯ ಸ್ಕ್ರೀನ್‌ಶಾಟ್ ಕಳಿಸಿದೆ. ಅವನು ಉತ್ತರ ಬರೆದ: "ಎರಡೂ ಒಂದೇ ಇದೆಯಲ್ಲೋ, ತಲೆ ಕೆಟ್ಟಿದೆಯಾ?"

ಮೊದಲು ನಕ್ಕೆ. ಸ್ಕ್ರೀನ್‌ಶಾಟ್ ಅಂದರೆ ಕಂಪ್ಯೂಟರ್ ಮಾನಿಟರ್‌ಗೆ ಕಳಿಸುವ ಮೊದಲಿನ ಅಂಕಿಗಳು, ಅಷ್ಟೆ. ಗಾಜಿನ ಮೇಲೆ ಕಾಣುವ ಬಣ್ಣ ಅದರಲ್ಲಿ ಬರುವುದಿಲ್ಲ. ಆದರೆ ಮಲಗುವಾಗ ಒಂದು ವಿಷಯ ಹೊಳೆಯಿತು. ಜಿಂಪ್ ಬಣ್ಣ ನಿರ್ವಹಣೆ ಮಾಡುವ ಪ್ರೋಗ್ರಾಮ್. ಅಂದರೆ ಫೈಲಿನ ಬಣ್ಣವನ್ನು ಮಾನಿಟರ್‌ನ ಪ್ರೊಫೈಲ್ (ಆ ಮಾನಿಟರ್ ಯಾವ ಬಣ್ಣ ಹೇಗೆ ತೋರಿಸುತ್ತದೆ ಅನ್ನುವ ವಿವರದ ಫೈಲ್) ನೋಡಿಕೊಂಡು ಆ ಮಾನಿಟರ್‌ಗೆ ತಕ್ಕ ಅಂಕಿಗಳಾಗಿ ಬದಲಿಸಿ ಕಳಿಸಬೇಕು. ನನ್ನ ಎರಡು ಮಾನಿಟರ್ ಬೇರೆ ಬೇರೆ ಜಾತಿಯವು. ಹಾಗಾದರೆ ಎರಡಕ್ಕೂ ಹೋಗುವ ಅಂಕಿ ಬೇರೆ ಬೇರೆ ಇರಬೇಕು ಅಲ್ವಾ? ಸ್ಕ್ರೀನ್‌ಶಾಟ್ ಒಂದೇ ಥರ ಬಂದದ್ದೇ ರೋಗದ ಗುರುತು!

ಎದ್ದು ಕೂತು ನೋಡಿದೆ. ಸೀರೆಯ ಮಡಿಕೆಯ ಒಂದು ಜಾಗ ಆರಿಸಿಕೊಂಡೆ. ಫೈಲಿನಲ್ಲಿ ಅದರ ಅಂಕಿ ಕೆಂಪು 146, ಹಸಿರು 28, ನೀಲಿ 46. ಜಿಂಪ್ ಕಿಟಕಿ ಎಡಗಡೆ ಇದ್ದಾಗ ಒಂದು ಸ್ಕ್ರೀನ್‌ಶಾಟ್, ಬಲಗಡೆ ಇದ್ದಾಗ ಇನ್ನೊಂದು. ಎರಡನ್ನೂ ಪೇಂಟ್‌ನಲ್ಲಿ ಅಂಟಿಸಿ ಅದೇ ಜಾಗದ ಅಂಕಿ ಓದಿದೆ. ಎರಡರಲ್ಲೂ 149, 26, 45. ಜಿಂಪ್ ಏನೋ ತಿದ್ದುಪಡಿ ಮಾಡುತ್ತಿದೆ, ಆದರೆ ಎರಡೂ ಕಡೆ ಒಂದೇ ತಿದ್ದುಪಡಿ. ಅಪ್ಪನ ಕನ್ನಡಕವನ್ನೇ ಮಗನಿಗೂ ಹಾಕಿದ ಹಾಗೆ.

ಖರ್ಚಿಲ್ಲದ ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ನನ್ನ ಭಾನುವಾರ ಉಳಿಯುತ್ತಿತ್ತು. ಪೇಂಟ್ ಸಾಕು, ಯಂತ್ರ ಬೇಡ.

ಆದರೂ ಜಿಂಪ್‌ಗೆ ಕೈ ಹಾಕುವ ಮೊದಲು ಮಾನಿಟರ್‌ಗಳನ್ನೇ ಒಂದು ಹದಕ್ಕೆ ತರಬೇಕಿತ್ತು. ಸುಳ್ಳು ಹೇಳುವ ಪರದೆಗೆ ಎಷ್ಟು ಒಳ್ಳೆಯ ಕನ್ನಡಕ ಹಾಕಿದರೂ ಅಷ್ಟೇ. ಮುಂದಿನ ಶನಿವಾರ ಬೆಳಗ್ಗೆ ಕೂತೆ.

ಸಣ್ಣಪುಟ್ಟವು ಮೊದಲು. ವಿಂಡೋಸ್‌ನ ನೈಟ್ ಲೈಟ್ ಆಫ್. ಎಡಗಡೆಯದರಲ್ಲಿ ಕಣ್ಣಿಗೆ ತಂಪು ಅಂತ ಯಾವಾಗಲೋ ಹಾಕಿದ್ದ ಲೋ ಬ್ಲೂ ಲೈಟ್ ಆಫ್. ಬಲಗಡೆಯದರಲ್ಲಿ ಡೈನಾಮಿಕ್ ಕಾಂಟ್ರಾಸ್ಟ್, ಇಕೊ ಮೋಡ್ ಎರಡೂ ಆಫ್. ಚಿತ್ರ ನೋಡಿಕೊಂಡು ತಾನೇ ಬೆಳಕು ಬದಲಿಸುವ ಮಾನಿಟರ್‌ನಲ್ಲಿ ಬಣ್ಣ ಅಳೆಯುವುದು ಓಡುವ ಕೋಳಿಯನ್ನು ತೂಗಿದ ಹಾಗೆ.

ಆಮೇಲೆ ಕಪ್ಪು. ಜಿಂಪ್‌ನಲ್ಲಿ ಏಳು ಪಟ್ಟಿ ಬಳಿದೆ: 0, 5, 10, 15, 20, 25, 30. ಮೂರೂ ಬಣ್ಣದ ಅಂಕಿ ಸಮ, ಅಂದರೆ ಶುದ್ಧ ಬೂದು. ಬಲಗಡೆ ಮೊದಲ ಪಟ್ಟಿ ಕಾಡಿಗೆ, ಆಮೇಲೆ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಎಡಗಡೆ ಮೊದಲ ಪಟ್ಟಿಯೇ ಒಲೆಯ ಬೂದಿ! ಸೊನ್ನೆ ಅಂದರೂ ಕಪ್ಪಿಲ್ಲ. ಬಿಳಿಯೂ ಮಂಕು. ಅತ್ತಿಗೆ ಹೇಳಿದ ಹತ್ತು ಸಲ ಒಗೆದ ಸೀರೆ ಇದೇ.

ಇದಕ್ಕೆ ಕಾರಣ ಎಚ್‌ಡಿಎಂಐ. ಆ ತಂತಿ ಟಿವಿಯವರ ಮನೆಯಿಂದ ಬಂದದ್ದು. ಟಿವಿ ಲೆಕ್ಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೆಕ್ಕದಲ್ಲಿ 0 ಮತ್ತು 255. ಗ್ರಾಫಿಕ್ಸ್ ಕಾರ್ಡ್ ನನ್ನ ಮಾನಿಟರನ್ನು ಟಿವಿ ಅಂತ ತಿಳಿದು 16ರಿಂದ 235ರವರೆಗೆ ಕಳಿಸುತ್ತಿತ್ತು. ಮಾನಿಟರ್ ಪಾಪ ಆ 16ನ್ನು 16 ಅಂತಲೇ ತೋರಿಸುತ್ತಿತ್ತು. ಕಾರ್ಡ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಡೈನಾಮಿಕ್ ರೇಂಜ್ ಅಂತ ಇದೆ. ಲಿಮಿಟೆಡ್ ಇದ್ದದ್ದನ್ನು ಫುಲ್ ಮಾಡಿದೆ. ಪರದೆ ಒಂದು ಕ್ಷಣ ಆರಿ ಹತ್ತಿತು. ಕಪ್ಪು ಕಪ್ಪಾಯಿತು. ಇದರ ಉಲ್ಟಾ ಕಾಯಿಲೆಯೂ ಇದೆ. ಕಾರ್ಡ್ ಫುಲ್ ಕಳಿಸಿ ಮಾನಿಟರ್ ಟಿವಿ ಲೆಕ್ಕದಲ್ಲಿದ್ದರೆ ಮೊದಲ ನಾಲ್ಕು ಪಟ್ಟಿ ಒಂದೇ ಕಪ್ಪಾಗಿ ಸೇರಿಕೊಂಡುಬಿಡುತ್ತವೆ.

ಮೂರು ವರ್ಷ ನಾನು ಆ ಬೂದಿ ಬಣ್ಣದಲ್ಲೇ ಫೋಟೊ ತಿದ್ದಿದ್ದೇನೆ. ಹೇಳಿಕೊಳ್ಳಲು ನಾಚಿಕೆ.

ಮಧ್ಯಾಹ್ನ ಗೆಳೆಯನ ಕಲರಿಮೀಟರ್ ತಂದೆ. ಕೈಯಲ್ಲಿ ಹಿಡಿದರೆ ಸಣ್ಣ ಮೌಸ್ ಥರ, ಕೆಳಗೆ ಗಾಜಿನ ಕಣ್ಣು. ಅದನ್ನು ಪರದೆಯ ಮೇಲೆ ತೂಗುಬಿಟ್ಟರೆ ಸಾಫ್ಟ್‌ವೇರ್ ಒಂದೊಂದೇ ಬಣ್ಣ ತೋರಿಸುತ್ತದೆ, ಅದು ಅಳೆಯುತ್ತದೆ. ನಾನು ಬಳಸಿದ್ದು ಡಿಸ್‌ಪ್ಲೇಕ್ಯಾಲ್. ಉಚಿತ, ಒಳಗಿನ ಇಂಜಿನ್ ಆರ್ಗಿಲ್. ಮಾನಿಟರ್ ಹಾಕಿ ಅರ್ಧ ಗಂಟೆ ಬಿಟ್ಟೆ, ಬಿಸಿಯಾಗುವ ತನಕ ಬಣ್ಣ ನಿಲ್ಲುವುದಿಲ್ಲ. ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದೆ, ಇಲ್ಲದಿದ್ದರೆ ಮೀಟರ್ ಗಾಜಿಗೆ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ಬೆಳಕು ನುಗ್ಗುತ್ತದೆ. ಕಿಟಕಿಗೆ ಹಾಸಿಗೆಯ ಚಾದರ ಕಟ್ಟಿದೆ. ಟ್ಯೂಬ್‌ಲೈಟ್ ಆಫ್.

ಮೊದಲ ಅಳತೆಯಲ್ಲೇ ಅರ್ಧ ಕಥೆ ಬಯಲಾಯಿತು. ಎಡಗಡೆ ಬೆಳಕು ಚದರ ಮೀಟರಿಗೆ 230 ಕ್ಯಾಂಡೆಲಾ, ಬಲಗಡೆ 160. ಹೀಗಿದ್ದರೆ ಬಣ್ಣ ಹೊಂದಿದರೂ ಕಣ್ಣಿಗೆ ಹೊಂದಿದಂತೆ ಕಾಣುವುದಿಲ್ಲ. ಎರಡನ್ನೂ 110ಕ್ಕೆ ಇಳಿಸಿದೆ. ಮೊದಲ ಹತ್ತು ನಿಮಿಷ ಕತ್ತಲೆ ಅನ್ನಿಸಿತು, ಆಮೇಲೆ ಅದೇ ಅಭ್ಯಾಸ. ಗುರಿ ಸಾದಾ ಇಟ್ಟುಕೊಂಡೆ: ಬಿಳಿ ಡಿ65 (ಹಗಲಿನ ಬೆಳಕಿನಂಥ ಬಿಳಿ), ಗಾಮಾ 2.2 (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ಪರಿ). 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಸೇರಿ ರೂಪಿಸಿದ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಮಾನದಂಡದ ಬಿಳಿ ಅದೇ ಡಿ65, ಗಾಮಾ ಕೂಡ ಹೆಚ್ಚುಕಮ್ಮಿ ಅಷ್ಟೇ. ಗ್ರಾಹಕರ ಫೋನಿಗೆ ಹೋಗುವ ಫೋಟೊವೂ ಎಸ್‌ಆರ್‌ಜಿಬಿಯೇ. ಹಾಗಾಗಿ ಬೇರೆ ಜಾಣತನ ಬೇಡ ಅನ್ನಿಸಿತು.

ಇಲ್ಲಿ ಒಂದು ಆಯ್ಕೆಯನ್ನು ಜನ ನೋಡದೆ ದಾಟಿಬಿಡುತ್ತಾರೆ. ಮೀಟರ್‌ಗೆ ಪರದೆಯ ಹಿಂದಿನ ದೀಪ ಯಾವ ಥರದ್ದು ಅಂತ ಹೇಳಬೇಕು. ಎಡಗಡೆಯದು ಸಾದಾ ಬಿಳಿ ಎಲ್‌ಇಡಿ. ಬಲಗಡೆಯದು ಪಿಎಫ್‌ಎಸ್ ಫಾಸ್ಫರ್ ಅನ್ನುವ ಕೆಂಪು ಹೊಳೆಯುವ ಪುಡಿ ಇರುವ ಎಲ್‌ಇಡಿ, ಅದರ ಕೆಂಪು ತುಂಬಾ ಚೂಪು, ಅಂದರೆ ಬೆಳಕಿನ ಕಿರಿದಾದ ಪಟ್ಟಿಗಳಲ್ಲೇ ಸೇರಿಕೊಂಡಿರುತ್ತದೆ. ಎರಡಕ್ಕೂ ಒಂದೇ ಆಯ್ಕೆ ಹಾಕಿ ಒಂದು ಸಲ ಅಳೆದೆ. ಒಂದೂಮುಕ್ಕಾಲು ಗಂಟೆ ನೀರಿಗೆ. ಸರಿಯಾದದ್ದು ಹಾಕಿ ಮತ್ತೆ ಅಳೆದೆ.

ರಾತ್ರಿ ಒಂಬತ್ತರ ಹೊತ್ತಿಗೆ ಎರಡು ಐಸಿಸಿ ಪ್ರೊಫೈಲ್ ಸಿದ್ಧವಾದವು. ವಿಂಡೋಸ್‌ನ ಕಲರ್ ಮ್ಯಾನೇಜ್‌ಮೆಂಟ್ ತೆರೆದೆ. ಅಲ್ಲಿ ಎಡಗಡೆ ಮಾನಿಟರ್‌ಗೆ ಆಗಲೇ ಒಂದು ಪ್ರೊಫೈಲ್ ಕೂತಿತ್ತು, ಹಳೆಯ ಡ್ರೈವರ್ ಜೊತೆ ಬಂದದ್ದು. ಅದನ್ನು ತೆಗೆದೆ. ಪ್ರತಿ ಮಾನಿಟರ್‌ಗೂ "ಯೂಸ್ ಮೈ ಸೆಟ್ಟಿಂಗ್ಸ್ ಫಾರ್ ದಿಸ್ ಡಿವೈಸ್" ಟಿಕ್ ಹಾಕಿ, ಹೊಸ ಪ್ರೊಫೈಲ್ ಸೇರಿಸಿ, ಡಿಫಾಲ್ಟ್ ಮಾಡಿದೆ.

ಮಾಡಿದ್ದು ಉಲ್ಟಾ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಎರಡೂ ಪರದೆ ಮೊದಲಿಗಿಂತ ಕೆಟ್ಟವು. ನನ್ನ ಮೇಜಿನಲ್ಲಿ ಎಡಗಡೆ ಇರುವುದು ವಿಂಡೋಸ್ ಲೆಕ್ಕದಲ್ಲಿ 2ನೇ ನಂಬರ್. ಐಡೆಂಟಿಫೈ ಮಾನಿಟರ್ಸ್ ಅಂತ ಒಂದು ಬಟನ್ ಅಲ್ಲೇ ಇದೆ, ಒತ್ತಿದರೆ ಪರದೆಯ ಮೇಲೆ ದೊಡ್ಡದಾಗಿ ನಂಬರ್ ಬರುತ್ತದೆ. ಅದನ್ನು ಒತ್ತದೆ ಜಾಣ ಅನ್ನಿಸಿಕೊಳ್ಳಲು ಹೋಗಿದ್ದೆ. ಪ್ರೊಫೈಲಿನ ಹೆಸರಲ್ಲೇ "ಎಡ 24", "ಬಲ 27" ಅಂತ ಬರೆದುಬಿಟ್ಟರೆ ಈ ಪಾಡು ಇಲ್ಲ.

ಈಗ ಜಿಂಪ್. ಎಡಿಟ್, ಪ್ರಿಫರೆನ್ಸಸ್, ಕಲರ್ ಮ್ಯಾನೇಜ್‌ಮೆಂಟ್. ಮಾನಿಟರ್ ಪ್ರೊಫೈಲ್ ಅನ್ನುವ ಜಾಗದಲ್ಲಿ ಹಳೆಯ ಮಾನಿಟರ್‌ನ ಪ್ರೊಫೈಲ್ ಕೈಯಾರೆ ಹಾಕಿದ್ದು ಹಾಗೇ ಇತ್ತು. ಹಾಕಿದ್ದು ನಾನೇ. ಒಂದೇ ಮಾನಿಟರ್ ಇದ್ದ ಕಾಲದಲ್ಲಿ ಯಾವುದೋ ವಿಡಿಯೊ ನೋಡಿ ಹಾಕಿದ್ದೆ. ಆಗ ಅದು ಸರಿಯೇ. ಎರಡನೇ ಮಾನಿಟರ್ ಬಂದ ದಿನದಿಂದ ಜಿಂಪ್ ಅದಕ್ಕೂ ಹಳೆಯದರ ಲೆಕ್ಕವನ್ನೇ ಹಾಕುತ್ತಿತ್ತು. ಸಾಮಾನ್ಯ ಮಾನಿಟರ್‌ಗೆ ಹೇಳಿದ ಅಂಕಿಯನ್ನು ವೈಡ್ ಗ್ಯಾಮಟ್‌ಗೆ ಕೊಟ್ಟರೆ ಹೋಳಿಯಲ್ಲದೆ ಇನ್ನೇನು ಆಗುತ್ತೆ?

ಕೆಳಗೆ ಒಂದು ಟಿಕ್ ಇದೆ, ಸಿಸ್ಟಮ್ ಮಾನಿಟರ್ ಪ್ರೊಫೈಲ್ ಬಳಸಲು ಪ್ರಯತ್ನಿಸು ಅಂತ. ಅದನ್ನು ಹಾಕಿದೆ. ಜಿಂಪ್ ಮುಚ್ಚಿ ತೆರೆದೆ. ಮತ್ತೆ ಅದೇ ಫೋಟೊ, ಅದೇ ಮಡಿಕೆ, ಅದೇ ಸ್ಕ್ರೀನ್‌ಶಾಟ್ ಪರೀಕ್ಷೆ. ಎಡಗಡೆ 147, 27, 46. ಬಲಗಡೆ 134, 40, 49.

ಆ ಅಂಕಿ ನೋಡಿದಾಗ ಆದ ಖುಷಿ ಬೇರೆಯೇ. ಬಲಗಡೆಗೆ ಕೆಂಪು ಕಡಿಮೆ, ಹಸಿರು ಜಾಸ್ತಿ. ಆ ಮಾನಿಟರ್‌ನ ಕೆಂಪು ಮೊದಲೇ ಖಾರ, ಅದಕ್ಕೆ ಕಡಿಮೆ ಹಾಕಿದರೆ ಸಾಕು ಅಂತ ಜಿಂಪ್‌ಗೆ ಈಗ ಗೊತ್ತಾಗಿದೆ. ಗೆಳೆಯನಿಗೆ ಎರಡೂ ಸ್ಕ್ರೀನ್‌ಶಾಟ್ ಮತ್ತೆ ಕಳಿಸಿದೆ. "ಈಗ ನಿಜವಾಗಲೂ ಬೇರೆ ಬೇರೆ ಕಾಣ್ತಿದೆ, ಹಾಳು ಮಾಡಿದೆಯಲ್ಲೋ" ಅಂದ. ಸರಿಯಾಯಿತು ಅಂತ ಅರ್ಥ.

ಹೋಲಿಸಿ ನೋಡುವಾಗ ಒಂದು ಎಚ್ಚರಿಕೆ. ಒಂದೇ ಕಿಟಕಿಯನ್ನು ಅರ್ಧ ಆ ಕಡೆ, ಅರ್ಧ ಈ ಕಡೆ ಇಟ್ಟು ನೋಡಬೇಡಿ. ಒಂದು ಕಿಟಕಿಗೆ ಒಂದೇ ಪ್ರೊಫೈಲ್ ಸಿಗುತ್ತದೆ, ಇನ್ನೊಂದು ಅರ್ಧ ತಪ್ಪಾಗಿಯೇ ಕಾಣುತ್ತದೆ. ಸಿಂಗಲ್ ವಿಂಡೋ ಮೋಡ್ ತೆಗೆದು, ವ್ಯೂ ಮೆನುವಿನಲ್ಲಿ ನ್ಯೂ ವ್ಯೂ ಒತ್ತಿದರೆ ಅದೇ ಚಿತ್ರ ಎರಡನೇ ಕಿಟಕಿಯಲ್ಲಿ ತೆರೆಯುತ್ತದೆ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ.

ಹಾಗೆ ಇಟ್ಟು ನೋಡಿದೆ. ಕುಂಕುಮ ಹೊಂದಿತು. ಹಸಿರು ದಡಿಯೂ ಸುಮಾರು ಹೊಂದಿತು. ಆದರೆ ಬಿಳಿ ಹೊಂದಲಿಲ್ಲ. ಖಾಲಿ ಬಿಳಿ ಪುಟ ತೆರೆದರೆ ಬಲಗಡೆಯದರಲ್ಲಿ ಒಂದು ಎಳೆ ಗುಲಾಬಿ. ಮೀಟರ್ ಎರಡೂ ಡಿ65 ಅನ್ನುತ್ತಿದೆ. ನನ್ನ ಕಣ್ಣು ಒಪ್ಪುತ್ತಿಲ್ಲ.

ಈ ಜಗಳದಲ್ಲಿ ಇಬ್ಬರದೂ ತಪ್ಪಿಲ್ಲ. ಮೀಟರ್ ಲೆಕ್ಕ ಹಾಕುವುದು 1931ರಲ್ಲಿ ಸಿಐಇ, ಅಂದರೆ ಬೆಳಕು ಮತ್ತು ಬಣ್ಣದ ಅಂತರರಾಷ್ಟ್ರೀಯ ಆಯೋಗ, ಒಪ್ಪಿದ ಸ್ಟ್ಯಾಂಡರ್ಡ್ ಕಣ್ಣಿನ ಪ್ರಕಾರ. ಆ ಕಣ್ಣು ಬಂದದ್ದು ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಅನ್ನುವ ಇಬ್ಬರು ಬೇರೆ ಬೇರೆಯಾಗಿ ಮಾಡಿದ ಪ್ರಯೋಗಗಳಿಂದ. ರೈಟ್ ಕಡೆ 10 ಜನ, ಗಿಲ್ಡ್ ಕಡೆ 7 ಜನ. ಒಟ್ಟು 17 ಜನರ ಕಣ್ಣಿನ ಸರಾಸರಿ. ಅದರಲ್ಲಿ ನನ್ನದಿಲ್ಲ. ಎರಡು ಮಾನಿಟರ್‌ನ ದೀಪ ಒಂದೇ ಥರ ಇದ್ದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಒಂದರ ಬೆಳಕು ಹರಡಿಕೊಂಡಿದ್ದು ಇನ್ನೊಂದರ ಕೆಂಪು ಸೂಜಿಯಂತೆ ಚೂಪಾಗಿದ್ದರೆ, ಅಂಕಿ ಹೊಂದಿದರೂ ಕಣ್ಣಿಗೆ ಹೊಂದುವುದಿಲ್ಲ.

ಹಾಗಾಗಿ ಬಿಳಿ ಒಂದನ್ನು ಮಾತ್ರ ಕಣ್ಣಿನಿಂದಲೇ ಹೊಂದಿಸಬೇಕು. ಬಲಗಡೆಯದು ಒಳ್ಳೆಯ ಮಾನಿಟರ್, ಅದನ್ನು ಮುಟ್ಟಲಿಲ್ಲ. ಎಡಗಡೆಯದನ್ನು ಅದರ ಹಿಂದೆ ತಂದೆ. ಎರಡರಲ್ಲೂ ಬಿಳಿ ಪುಟ, ನಾನು ನಾಲ್ಕು ಅಡಿ ಹಿಂದೆ. ಎಡಗಡೆಯದರ ಹಸಿರು ಎರಡು ಹೆಜ್ಜೆ ಕೆಳಗೆ, ನೀಲಿ ಒಂದು ಹೆಜ್ಜೆ ಕೆಳಗೆ. ತುಂಬ ಹೊತ್ತು ದಿಟ್ಟಿಸಬಾರದು, ಕಣ್ಣು ಒಗ್ಗಿಕೊಂಡು ಎಲ್ಲವೂ ಬಿಳಿಯೇ ಅನ್ನತೊಡಗುತ್ತದೆ. ಒಂದು ನೋಟ, ಒಂದು ಬಟನ್, ಎದ್ದು ಹೊರಗೆ ಹೋಗಿ ಬರುವುದು. ಅತ್ತಿಗೆಯನ್ನು ಕರೆದು ಕೇಳಿದೆ. ಅವರ ಕಣ್ಣಿಗೆ ನೀಲಿ ಇನ್ನೂ ಒಂದು ಹೆಜ್ಜೆ ಇಳಿಯಬೇಕಿತ್ತು. ಬಣ್ಣದ ವಿಷಯದಲ್ಲಿ ಅವರ ಕಣ್ಣು ನನಗಿಂತ ಪಕ್ಕಾ, ಅವರು ಹೇಳಿದ್ದನ್ನೇ ಇಟ್ಟೆ. ಆಮೇಲೆ ಡಿಸ್‌ಪ್ಲೇಕ್ಯಾಲ್‌ನಲ್ಲಿ ಬಿಳಿಗೆ ಡಿ65 ಬದಲು "ಅಳೆದದ್ದು ಇದ್ದಂತೆ" ಅನ್ನುವುದನ್ನು ಆರಿಸಿ ಎಡಗಡೆಗೆ ಹೊಸ ಪ್ರೊಫೈಲ್ ಮಾಡಿದೆ.

ಸೋಮವಾರ ಬೆಳಗ್ಗೆ ಇನ್ನೊಂದು ಕಾಟ. ಕಂಪ್ಯೂಟರ್ ಸ್ಲೀಪ್‌ನಿಂದ ಎದ್ದಾಗ ಎಡಗಡೆ ನೀಲಿಗೆ ತಿರುಗಿತ್ತು. ಪ್ರೊಫೈಲ್ ಒಳಗೆ ಎರಡು ಭಾಗ ಇರುತ್ತವೆ. ಒಂದು ಮಾನಿಟರ್‌ನ ಜಾತಕ, ಅದನ್ನು ಜಿಂಪ್ ಓದುತ್ತದೆ. ಇನ್ನೊಂದು ಗ್ರಾಫಿಕ್ಸ್ ಕಾರ್ಡ್‌ಗೆ ತುಂಬುವ ಸಣ್ಣ ತಿದ್ದುಪಡಿ ಪಟ್ಟಿ. ಸ್ಲೀಪ್ ಆಗಿ ಏಳುವಾಗ ಈ ಎರಡನೆಯದು ಅಳಿಸಿಹೋಗಿತ್ತು. ಅದನ್ನು ಮತ್ತೆ ಮತ್ತೆ ತುಂಬಲು ಡಿಸ್‌ಪ್ಲೇಕ್ಯಾಲ್ ಜೊತೆ ಒಂದು ಲೋಡರ್ ಬರುತ್ತದೆ, ಗಡಿಯಾರದ ಪಕ್ಕ ಸುಮ್ನೆ ಕೂತಿರುತ್ತದೆ. ಅದನ್ನು ಶುರುವಿನಲ್ಲೇ ಓಡುವಂತೆ ಹಾಕಿದೆ. ವಿಂಡೋಸ್‌ನದ್ದೇ ಆದ ಇಂಥದ್ದೊಂದು ಇದೆ. ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಒಂದೇ ಕುದುರೆಗೆ ಇಬ್ಬರು ಸವಾರರು.

ಹೊಂದದೆ ಉಳಿದದ್ದು ಒಂದೇ. ನವಿಲು ಹಸಿರು ದಡಿಯ ಸೀರೆಯೊಂದನ್ನು ಎಸ್‌ಆರ್‌ಜಿಬಿಗಿಂತ ಗಾಢ ಹಸಿರು ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲಿ ತೆರೆದರೆ ಬಲಗಡೆ ದಡಿ ಜೀವಂತ, ಎಡಗಡೆ ಸಪ್ಪೆ. ಇದು ಕೆಟ್ಟದ್ದಲ್ಲ, ಎಡಗಡೆಯ ಮಾನಿಟರ್‌ಗೆ ಆ ಹಸಿರು ಎಟುಕುವುದೇ ಇಲ್ಲ. ಕುಂಕುಮಕ್ಕೆ ಈ ತೊಂದರೆ ಬರಲಿಲ್ಲ, ಏಕೆಂದರೆ ಎಸ್‌ಆರ್‌ಜಿಬಿ ಮತ್ತು ಅಡೋಬಿ ಆರ್‌ಜಿಬಿಗಳ ಮೂಲ ಕೆಂಪು ಒಂದೇ, ಹಸಿರು ಮಾತ್ರ ಬೇರೆ. ಗ್ರಾಹಕರಿಗೆ ಕಳಿಸುವ ಮೊದಲು ಕನ್ವರ್ಟ್ ಟು ಕಲರ್ ಪ್ರೊಫೈಲ್ ಒತ್ತಿ ಎಸ್‌ಆರ್‌ಜಿಬಿಗೆ ಇಳಿಸುತ್ತೇನೆ. ಅಸೈನ್ ಅಲ್ಲ, ಕನ್ವರ್ಟ್. ಅಸೈನ್ ಮಾಡಿದರೆ ಅಂಕಿ ಹಾಗೇ ಉಳಿದು ಬಣ್ಣ ಬದಲಾಗುತ್ತದೆ, ಕನ್ವರ್ಟ್ ಮಾಡಿದರೆ ಬಣ್ಣ ಉಳಿಯಲಿ ಅಂತ ಅಂಕಿ ಬದಲಾಗುತ್ತದೆ. ಇಳಿಸಿದ ಮೇಲೆ ಎರಡೂ ಪರದೆಯಲ್ಲಿ ದಡಿ ಒಂದೇ ಥರ ಸ್ವಲ್ಪ ಸಪ್ಪೆ. ಗ್ರಾಹಕರಿಗೆ ಕಾಣುವುದೂ ಹೆಚ್ಚುಕಮ್ಮಿ ಅದೇ ಅಂತ ಈಗ ಮೊದಲೇ ಗೊತ್ತಿರುತ್ತದೆ. ಬೇಕಿದ್ದರೆ ಕೆಳಗೆ ಒಂದು ಸಾಲು ಬರೆದು ಹಾಕುತ್ತೇವೆ.

ಈಗ ಬಣ್ಣದ ತೀರ್ಮಾನ ಬಲಗಡೆ ಮಾತ್ರ. ಎಡಗಡೆ ಟೂಲ್‌ಗಳು, ಫೋಲ್ಡರ್, ವಾಟ್ಸಾಪ್. ಕಲರಿಮೀಟರ್ ವಾಪಸ್ ಕೊಟ್ಟೆ, ಎರಡು ತಿಂಗಳಿಗೆ ಮತ್ತೆ ಕೇಳುತ್ತೇನೆ ಅಂತ ಹೇಳಿ ಮಾನಿಟರ್‌ನ ಅಂಚಿಗೆ ತಾರೀಖಿನ ಚೀಟಿ ಅಂಟಿಸಿದ್ದೇನೆ.

ವಾಪಸ್ ಬಂದ ಸೀರೆಯ ಫೋಟೊವನ್ನು ಹೊಸದಾಗಿ ತಿದ್ದಿ ಅತ್ತಿಗೆಗೆ ತೋರಿಸಿದೆ. ಸೀರೆ ತಂದು ಪರದೆಯ ಪಕ್ಕ ಹಿಡಿದರು. ಟ್ಯೂಬ್‌ಲೈಟ್ ಆರಿಸು ಅಂದರು, ಕಿಟಕಿ ತೆಗೆ ಅಂದರು. ಸ್ವಲ್ಪ ಹೊತ್ತು ನೋಡಿ "ಹೂಂ, ಇದು ನಮ್ಮದು" ಅಂದರು. ಆಮೇಲೆ ಒಳಗೆ ಹೋಗಿ ಹೊಸ ಗಂಟು ಬಿಚ್ಚಿ ಇನ್ನೊಂದು ಸೀರೆ ತಂದರು. ಹಾಸು ನೀಲಿ, ಹೊಕ್ಕು ಕೆಂಪು. ನೇರ ಹಿಡಿದರೆ ನೇರಳೆ, ಸ್ವಲ್ಪ ವಾಲಿಸಿದರೆ ನೀಲಿ, ಮಡಿಕೆಯಲ್ಲಿ ಕೆಂಪು.

"ಇದನ್ನ ಹೆಂಗ ತೋರಸ್ತಿ, ಹೇಳು?"

ಮೂರು ಫೋಟೊ ತೆಗೆಯಬೇಕು ಅಂದೆ.